ಸೆಲಾಂಗ್ ಕಂಡಿ ದಾಟಿದ ಬುಟ್ಟಿ

ನಾಮ್ದೋ ಎಂಬ ಬಟ್ಟಲಿನಂಥ ಕಣಿವೆಯಿಂದ ಕೆಳಗೆ ಇಳಿಯಬೇಕಾದರೆ ಮೊದಲು ಮೇಲಕ್ಕೆ ಹತ್ತಬೇಕು. ಡೋಲ್ಪಾದ ಆ ಜಾಗದ ಕೇಡು ಅದೇ. ಸುತ್ತ ಬೋಳು ಬೆಟ್ಟ, ನಡುವೆ ಹುಲ್ಲು, ಹುಲ್ಲಿನ ನಡುವೆ ಸಣ್ಣ ತೊರೆ. ಹೊರಗೆ ಹೋಗಲು ಬೆಟ್ಟಸಾಲಿನಲ್ಲಿ ಎರಡೇ ಕಂಡಿ. ಎರಡೂ ಬಟ್ಟಲಿಗಿಂತ ಏಳುನೂರು ಮೀಟರ್ ಎತ್ತರದಲ್ಲಿವೆ. ಆರೋಗ್ಯವಾಗಿರುವವನಿಗೆ ಅದಕ್ಕಿಂತ ಚೆಂದದ ಬಿಡಾರ ಇಲ್ಲ. ಕಾಯಿಲೆ ಬಿದ್ದವನಿಗೆ ಅದು ಬೋನು.

ಆ ಬೋನಿನಲ್ಲಿ ಅಂದು ಬೆಳಿಗ್ಗೆ ರಾದೆಕ್ ಸಿಕ್ಕಿಬಿದ್ದಿದ್ದ. ಐವತ್ತೊಂದು ವರ್ಷದ ದಪ್ಪ ಮೈಯ ಚೆಕ್ ದೇಶದವನು, ಲಾರಿ ರಿಪೇರಿ ಮಾಡುವ ಕಸುಬಿನವನು. ಅಡುಗೆಯ ಸಾಯಿಲಾ ಬೆಳಗಿನ ಚಹಾ ತಂದಾಗ ಡೇರೆಯೊಳಗಿಂದ ಹುಕ್ಕಾ ಗುಳುಗುಳು ಎಂದಂತೆ ಸದ್ದು ಕೇಳಿಸಿತು. ಅದು ರಾದೆಕ್‌ನ ಉಸಿರು. ತುಟಿ ನೀಲಿಯಾಗಿತ್ತು, ಕೆಮ್ಮಿದಾಗ ಬಾಯಿಂದ ತೆಳು ಕೆಂಪು ನೊರೆ ಬರುತ್ತಿತ್ತು. ಹೆಂಡತಿ ಇವೊನಾ ಪಕ್ಕದಲ್ಲಿ ಕುಳಿತು ಅದನ್ನು ಟವೆಲ್ಲಿನಿಂದ ಒರೆಸುತ್ತಿದ್ದಳು.

ಸಾಯಿಲಾ ಚಹಾ ಚೆಲ್ಲಿ ಓಡಿದ. "ಭಿನಾಜು! ಬೇಗ ಬಾ. ಸಾಹೇಬನ ಎದೇಲಿ ನೀರು ತುಂಬಿದೆ!"

ಭಿನಾಜು ಎಂದರೆ ಅವನ ಅಕ್ಕನ ಗಂಡ ಸಾಂತಬೀರ್ ಗುರುಂಗ್. ತಂಡದ ಸರದಾರ ಅವನೇ. ಇಪ್ಪತ್ತೆರಡು ವರ್ಷದಿಂದ ಪರದೇಶದವರನ್ನು ಬೆಟ್ಟ ಹತ್ತಿಸಿ ಇಳಿಸುತ್ತಿದ್ದ, ಒಬ್ಬರನ್ನೂ ಸಾಯಲು ಬಿಟ್ಟಿರಲಿಲ್ಲ. ಆ ಮಾತನ್ನು ಅವನು ಹೇಳಿಕೊಳ್ಳುತ್ತಿರಲಿಲ್ಲ. ಸಾಯಿಲಾ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಸಾಂತಬೀರ್ ಡೇರೆಯೊಳಗೆ ತೂರಿ ರಾದೆಕ್‌ನ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಲು ಹೋದ. ಬೆರಳು ಎಷ್ಟು ದಪ್ಪವಾಗಿತ್ತೆಂದರೆ ಕ್ಲಿಪ್ಪು ಬಾಯಿ ತೆರೆದರೂ ಸರಿಯಾಗಿ ಕೂರಲಿಲ್ಲ. ಒತ್ತಿ ಹಿಡಿದ ಮೇಲೆ ಅಂಕಿ ಬಂತು. ನೂರಕ್ಕೆ ಐವತ್ತೆಂಟು.

ಹಿಂದಿನ ಬೆಳಿಗ್ಗೆ ಅವನೇ ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಎಂಬತ್ತೈದು.

ಯೋಚಿಸಲು ಹೊತ್ತಿರಲಿಲ್ಲ. ಉಪಗ್ರಹ ಫೋನಿನಲ್ಲಿ ಕಾಠ್ಮಂಡುವಿನ ಕಚೇರಿ ಹಿಡಿದ. ಅತ್ತಲಿಂದ ನಿದ್ದೆಗಣ್ಣಿನ ದನಿ ಅವನನ್ನು ದಾಯಿ, ಅಂದರೆ ಅಣ್ಣ, ಎಂದು ಕರೆಯಿತು. "ಮೋಡ ಕವಿದಿದೆ ದಾಯಿ. ನಾಮ್ದೋಗೆ ಹೆಲಿಕಾಪ್ಟರ್ ಬರಲ್ಲ, ಮೂರು ದಿನ ಆಗ್ಬಹುದು. ಕೆರೆ ಹತ್ರ ಇಳಿಸಿಬಿಟ್ರೆ ನಾಳೆ ಬೆಳಿಗ್ಗೇನೇ ಕಳಿಸ್ತೀವಿ."

"ಮೂರು ದಿನ ಇರಲ್ಲ ಇವ್ನು. ಇವತ್ತು ಸಂಜೆವರೆಗೆ ಇದ್ರೆ ಹೆಚ್ಚು."

"ಹಂಗಾದ್ರೆ ಕೆರೆಗೆ ಇಳಿಸು."

ಹೇಳುವುದು ಸುಲಭ. ಕೆರೆ ಎಂದರೆ ಫೋಕ್ಸುಂಡೊ, ಸೆಲಾಂಗ್ ಕಂಡಿಯ ಆಚೆ. ಎಂಬತ್ತು ಕಿಲೋ ಭಾರದ ಮನುಷ್ಯನನ್ನು ಏಳುನೂರು ಮೀಟರ್ ಮೇಲಕ್ಕೆ ಹೊತ್ತು, ಆಮೇಲೆ ಸಾವಿರದ ಆರುನೂರು ಮೀಟರ್ ಕೆಳಕ್ಕೆ ಇಳಿಸಬೇಕು. ಗಾಳಿ ಸಾಲದೆ ಸಾಯುತ್ತಿರುವವನನ್ನು ಇನ್ನೂ ಗಾಳಿ ಕಡಿಮೆ ಇರುವ ಕಡೆಗೆ ಒಯ್ಯಬೇಕು. ಇನ್ನಿಬ್ಬರು ಹೊರೆಯಾಳುಗಳು ಹಿಂದಿನ ದಿನವೇ ಯಾಕುಗಳ ಜತೆ ಇನ್ನೊಂದು ಕಂಡಿ ದಾಟಿ ಮುಂದಿನ ಬಿಡಾರಕ್ಕೆ ಹೋಗಿದ್ದರು. ಉಳಿದಿದ್ದ ಬೆನ್ನುಗಳು ಮೂರೇ: ಸಾಂತಬೀರ್, ಸಾಯಿಲಾ, ಮತ್ತೆ ಫುಲ್ಮಾಯಾ ತಾಮಾಂಗ್.

ಫುಲ್ಮಾಯಾ ಮೂವತ್ತೆರಡರ ಹೆಂಗಸು. ಗಿಡ್ಡ, ಗಟ್ಟಿ, ಬಾಯಿ ಜೋರು. ಗಂಡಸರು ಮೂವತ್ತು ಕಿಲೋ ಹೊತ್ತರೆ ಇವಳು ಮೂವತ್ತೈದು ಹೊತ್ತು ಅವರಿಗಿಂತ ಮೊದಲೇ ಬಿಡಾರ ಸೇರಿ ಗೇಲಿ ಮಾಡುತ್ತಿದ್ದಳು. ಸಾಂತಬೀರ್ ಏನೂ ಹೇಳುವ ಮೊದಲೇ ಅವಳು ತನ್ನ ಡೋಕೊ ಬುಟ್ಟಿಯನ್ನು ಬೋರಲು ಹಾಕಿ, ಕುಕ್ರಿಯಿಂದ ಒಂದು ಬದಿಯನ್ನು ಸೀಳತೊಡಗಿದ್ದಳು. ಕಾಲು ಹೊರಗೆ ಇಳಿಬಿಡಲು ಕಿಂಡಿ ಬೇಕಲ್ಲ. ಕಾಯಿಲೆಯವರನ್ನು ಹೊರುವುದು ಹಾಗೇ.

"ಒಳ್ಳೇ ಬುಟ್ಟಿ ಹಾಳಾಯ್ತು," ಎಂದಳು. "ಇವ್ನು ಬದುಕದೇ ಇದ್ರೆ ನಾನೇ ಸಾಯಿಸ್ತೀನಿ."

*

ಹೊರಡುವ ಮೊದಲು ಒಂದು ಗಂಟೆ ಅವನನ್ನು ಒತ್ತಡದ ಚೀಲದಲ್ಲಿ ಇಡಬೇಕಿತ್ತು. ಕಿತ್ತಳೆ ಬಣ್ಣದ ಉದ್ದನೆಯ ಚೀಲ, ಮುಖದ ಹತ್ತಿರ ಅಂಗೈಯಗಲದ ಕಿಟಕಿ. ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಎಳೆದು, ಕಾಲಿನಿಂದ ಪಂಪು ಒತ್ತುತ್ತಾ ಹೋದರೆ ಒಳಗಿನ ಗಾಳಿ ದಟ್ಟವಾಗುತ್ತದೆ. ಒಳಗಿದ್ದವನ ಮೈಗೆ ತಾನು ಎರಡು ಸಾವಿರ ಮೀಟರ್ ಕೆಳಗೆ ಇಳಿದಿದ್ದೇನೆ ಅನ್ನಿಸುತ್ತದೆ. ಒತ್ತುವ ಕಾಲು ನಿಲ್ಲುವಂತಿಲ್ಲ. ಇಳಿಜಾರಿನಲ್ಲಿ ತಲೆ ಮೇಲೆ ಬರುವಂತೆ ಅವನನ್ನು ಮಲಗಿಸಿ, ಎದೆಯ ಮಾತ್ರೆ ನುಂಗಿಸಿ, ಜಿಪ್ ಎಳೆದರು. ಸಾಯಿಲಾ ಪಂಪು ಒತ್ತಿದ.

ಸಾಂತಬೀರ್ ಪುಸ್ತಕ ತೆರೆದ. ಅದರ ಕ್ರಮ ಹೀಗಿತ್ತು: ಬೆಳಿಗ್ಗೆ ಚಹಾ ಹಿಡಿದು ಡೇರೆಯಿಂದ ಡೇರೆಗೆ ಹೋಗುವುದು, ಅತಿಥಿಗಳು ಮಲಗಿದ್ದಲ್ಲಿಂದಲೇ ಪರದೆಯ ಸಂದಿಯಲ್ಲಿ ಕೈ ಚಾಚುವುದು, ಒಂದು ಕೈಗೆ ಲೋಟ, ಇನ್ನೊಂದು ಕೈಯ ಬೆರಳಿಗೆ ಕ್ಲಿಪ್ಪು. ಗಂಡ ಹೆಂಡತಿ ಮಲಗಿದ ಡೇರೆಯೊಳಗೆ ಇಣುಕುವುದು ಸಾಂತಬೀರ್‌ನಂಥವರಿಗೆ ಸಾಯುವಷ್ಟು ನಾಚಿಕೆ. ಅವನು ಯಾವಾಗಲೂ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಅಂಕಿ ಓದುತ್ತಿದ್ದ. ಮೊದಲು ಕೆಂಪು ಜಾಕೆಟ್ಟಿನ ತೋಳು ಬರುತ್ತಿತ್ತು, ಅದು ಇವೊನಾ. ಆಮೇಲೆ ನೀಲಿ ತೋಳು, ಅದು ರಾದೆಕ್.

ಇವೊನಾ: ತೊಂಬತ್ತೊಂದು, ತೊಂಬತ್ತು, ಎಂಬತ್ತೆಂಟು, ಎಂಬತ್ತಾರು, ಎಂಬತ್ತೈದು. ರಾದೆಕ್: ತೊಂಬತ್ತೊಂದು, ತೊಂಬತ್ತು, ಎಂಬತ್ತೇಳು, ಎಂಬತ್ತಾರು, ಎಂಬತ್ತೈದು. ಮೊನ್ನೆಯಷ್ಟೇ ಸಾಯಿಲಾ ಇದನ್ನು ನೋಡಿ, "ಎಂಥಾ ಜೋಡಿ ಭಿನಾಜು, ಉಸಿರು ಕೂಡ ಒಂದೇ. ನಮ್ಮಕ್ಕಂದೂ ನಿಂದೂ ಹಿಂಗಿದ್ಯಾ?" ಎಂದು ನಕ್ಕಿದ್ದ. ಸಾಂತಬೀರ್ ಕೂಡ ನಕ್ಕಿದ್ದ. ಕೆರೆಯ ಹತ್ತಿರ ರಾದೆಕ್ ಒಣ ಕೆಮ್ಮು ಕೆಮ್ಮುತ್ತಿದ್ದಾಗ, ಅಲ್ಲಿ ಇರಬೇಕಿದ್ದ ಒಂದು ದಿನದ ವಿಶ್ರಾಂತಿಯನ್ನು ಬಿಟ್ಟು ಕಂಡಿ ದಾಟಿಸಿದ್ದು ಈ ಅಂಕಿಗಳ ಧೈರ್ಯದ ಮೇಲೆಯೇ. ಕೆಮ್ಮು ಧೂಳಿನದು ಎಂದು ಇವೊನಾ ಹೇಳಿದ್ದಳು.

ಅವನಿಗೆ ಕ್ಲಿಪ್ಪಿನ ನೆನಪಾಯಿತು. ಇಷ್ಟು ದಿನ ಅದು ಸಲೀಸಾಗಿ ಕೂರುತ್ತಿತ್ತು.

"ದಿದಿ," ಎಂದ. ಅಕ್ಕ ಎಂದು ಕರೆದು ಇಂಗ್ಲಿಷಿನಲ್ಲೇ ಕೇಳಿದ, ದನಿ ಏರಿಸಲಿಲ್ಲ. "ನಿನ್ನೆ ನೀಲಿ ತೋಳಿಂದ ಬಂದಿದ್ದು ಯಾರ ಬೆರಳು?"

ಇವೊನಾ ಚೀಲದ ಕಿಟಕಿಯನ್ನೇ ನೋಡುತ್ತಿದ್ದಳು. "ನಂದು."

"ಮೊನ್ನೆ?"

"ನಂದೇ. ಎಲ್ಲಾ ದಿನಾನೂ ನಂದೇ." ಅವಳು ಅಳಲಿಲ್ಲ. "ನಾಲ್ಕು ವರ್ಷದ ಹಿಂದೆ ಇದೇ ಕಂಡಿ ಕೆಳಗಿಂದ ಇವನನ್ನ ವಾಪಸ್ ಕಳಿಸಿದ್ರು. ಎದೆ ಕಟ್ಟಿತ್ತು. ಆಮೇಲೆ ಮನೇಲಿ ಬೇರೆ ಮಾತೇ ಇಲ್ಲ. ಈ ಸಲ ಫಾರಮ್ಮಿನಲ್ಲಿ ಅದನ್ನ ಬರೀಲೂ ಇಲ್ಲ. ಕೆರೆ ಹತ್ರ ಬೆರಳಿಗೆ ಅದನ್ನ ಹಾಕಿದ್ರೆ ವಾಪಸ್ ಕಳಿಸ್ತಾರೆ ಅಂತ ಅತ್ತ. ನಾನು... ಒಂದು ದಿನ ಅಂತ ಕೊಟ್ಟೆ."

"ಎಷ್ಟು ಇತ್ತು? ನಿಜವಾಗಿ?"

"ಅಳೀಲಿಲ್ಲ. ನೋಡೋಕೆ ಹೆದರಿಕೆ ಆಯ್ತು."

ಪ್ರೀತಿ ಇಷ್ಟು ಪೆದ್ದಾಗಿರಬಾರದು. ಆದರೆ ಇರುತ್ತದೆ, ಮತ್ತೆ ಅದರ ಭಾರವನ್ನು ಹೊರುವವರು ಬೇರೆಯವರು.

ಸಾಂತಬೀರ್ ಪುಸ್ತಕ ಮುಚ್ಚಿದ. ಅವಳ ಮೇಲೆ ಸಿಟ್ಟೋ, ಇಣುಕಿ ನೋಡದ ತನ್ನ ಮೇಲೆ ಸಿಟ್ಟೋ, ಅವನಿಗೇ ತಿಳಿಯಲಿಲ್ಲ. ಸಾಯಿಲಾನನ್ನು ಪಂಪಿನಿಂದ ಎಬ್ಬಿಸಿದ.

"ಐದು ದಿನ ಬೆರಳು ಕೊಟ್ರಲ್ಲ ದಿದಿ, ಈಗ ಕಾಲು ಕೊಡಿ. ನಿಮಿಷಕ್ಕೆ ಹನ್ನೆರಡು ಸಲ. ನೀವು ನಿಲ್ಲಿಸಿದ್ರೆ ಒಳಗೆ ಉಸಿರು ಕಟ್ಟುತ್ತೆ. ನಮ್ಮ ಕಾಲು ಹೊರೋದಕ್ಕೆ ಬೇಕು."

ಇವೊನಾ ಒತ್ತಿದಳು. ಒಂದು ಗಂಟೆ ಒತ್ತಿದಳು. ಯಾರೂ ಸರದಿಗೆ ಬರಲಿಲ್ಲ.

*

ಎಂಟು ಗಂಟೆಗೆ ಹೊರಟರು. ಡೇರೆ, ಅಕ್ಕಿ, ಪಾತ್ರೆ, ಬಟ್ಟೆಯ ಚೀಲ ಎಲ್ಲವನ್ನೂ ಅಲ್ಲೇ ಬಿಟ್ಟರು. ಒಯ್ದದ್ದು ಒತ್ತಡದ ಚೀಲ, ಹಗ್ಗ, ಔಷಧದ ಡಬ್ಬ, ಒಂದು ಥರ್ಮಾಸ್ ಚಹಾ, ಹುರಿಹಿಟ್ಟು. ಕಂಬಳಿ ಸುತ್ತಿದ ರಾದೆಕ್‌ನನ್ನು ಬುಟ್ಟಿಯಲ್ಲಿ ಹಿಂದುಮುಂದಾಗಿ ಕೂರಿಸಿ, ಬುಟ್ಟಿ ತೂಗುವ ಹಣೆಪಟ್ಟಿಯನ್ನು ಹಣೆಗೇರಿಸಿ ಮೊದಲು ಎದ್ದವಳು ಫುಲ್ಮಾಯಾ.

ಇನ್ನೂರು ಹೆಜ್ಜೆ ಅವಳು, ಇನ್ನೂರು ಸಾಯಿಲಾ, ಇನ್ನೂರು ಸಾಂತಬೀರ್. ಮತ್ತೆ ಅವಳು. ಇವೊನಾ ಹಿಂದಿನಿಂದ ಗಂಡನ ತಲೆ ವಾಲದಂತೆ ಹಿಡಿದು ಬರಬೇಕು. ಹಾದಿ ಮೊದಲು ಹುಲ್ಲಿನಲ್ಲಿ ಹೋಯಿತು, ಆಮೇಲೆ ಜಾರುವ ಕಪ್ಪು ಹರಳುಕಲ್ಲಿನಲ್ಲಿ. ಆ ಕಲ್ಲಿನಲ್ಲಿ ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದೆ ಜಾರುತ್ತದೆ. ಎಡಕ್ಕೆ ಬೆಟ್ಟದ ಮೈ ಸವೆದು ಸವೆದು ಪದರಪದರವಾಗಿ, ಕೆಂಪು, ಬೂದಿ, ಹಳದಿ ಬಣ್ಣಗಳಲ್ಲಿ ಬಿಚ್ಚಿಕೊಂಡಿತ್ತು. ಆ ಪದರಗಳ ಮೇಲೆ ನೀಲಿ ಕುರಿ ಎನ್ನುವ ಕಾಡುಕುರಿಗಳ ಹಿಂಡೊಂದು ನಿಂತು ಇವರನ್ನು ನೋಡುತ್ತಿತ್ತು. ಮೇಲೆ ಕಂಡಿಯ ಎರಡು ಕೊಂಬುಗಳ ನಡುವೆ ಮೋಡ ಸಿಕ್ಕಿಕೊಂಡು ಕದಲದೆ ಕೂತಿತ್ತು. ಮೂರು ದಿನದ ಹಿಂದೆ ಇದೇ ಹಾದಿಯಲ್ಲಿ ಇಳಿಯುವಾಗ ರಾದೆಕ್ ಪ್ರತಿ ತಿರುವಿನಲ್ಲೂ ನಿಂತು ಫೋಟೋ ತೆಗೆದಿದ್ದ.

"ಭಿನಾಜು," ಸಾಯಿಲಾ ಏದುಸಿರು ಬಿಡುತ್ತಾ ಹೇಳಿದ, "ಈ ಸಾಹೇಬ ನಾನು ಮಾಡಿದ ಆಲೂ ಪರಾಟ ಎಲ್ಲಾ ತಿಂದಿದ್ದಾನೆ. ಎಣಿಸಿ ಹಾಕ್ಬೇಕಿತ್ತು."

"ಮಾತಾಡ್ಬೇಡ. ಉಸಿರು ಉಳಿಸ್ಕೋ."

"ಮಾತಾಡ್ದೇ ಇದ್ರೆ ಅಳು ಬರುತ್ತೆ."

ಅರ್ಧ ದಾರಿಯಲ್ಲಿ ರಾದೆಕ್ ಕಣ್ಣು ಮೇಲೆ ಮಾಡಿದ. ಅಂಕಿ ಐವತ್ತು. ಅಲ್ಲೇ ಕಲ್ಲಿನ ಮೇಲೆ ಚೀಲ ಬಿಚ್ಚಿದರು. ಗಾಳಿ ಅದನ್ನು ಕಿತ್ತುಕೊಂಡು ಹೋಗಲು ನೋಡಿತು. ಸಾಯಿಲಾ ಅದರ ಮೇಲೆ ಅಡ್ಡ ಬಿದ್ದ. ಜಿಪ್ ಎಳೆದದ್ದೇ ಇವೊನಾ ಹೇಳಿಸಿಕೊಳ್ಳದೆ ಪಂಪಿನ ಮೇಲೆ ಕಾಲಿಟ್ಟಳು.

ನಲವತ್ತು ನಿಮಿಷ. ಅವಳ ಹಿಮ್ಮಡಿಯ ಚರ್ಮ ಬೂಟಿನೊಳಗೆ ಸುಲಿದು ಕಾಲುಚೀಲ ಕೆಂಪಾಯಿತು. ಅವಳು ಕಾಲು ಬದಲಿಸಿದಳು. ಆ ಕಾಲೂ ಸುಲಿಯಿತು.

"ಸಾಕು ಬಿಡು ದಾಯಿ," ಫುಲ್ಮಾಯಾ ಸಾಂತಬೀರ್‌ನ ಕಿವಿಯಲ್ಲಿ ಹೇಳಿದಳು. "ನಾನು ಒತ್ತಲಾ? ಅವ್ಳಿಗೆ ರಕ್ತ ಬರ್ತಿದೆ."

"ಬರಲಿ."

"ಅಯ್ಯೋ, ಎಂಥಾ ಕಟುಕನೋ ನೀನು!"

"ಹೌದು," ಎಂದ ಸಾಂತಬೀರ್. ಅವನು ಪಂಪಿನ ಕಡೆ ನೋಡಲೇ ಇಲ್ಲ.

*

ಕಂಡಿಯ ಕೆಳಗೆ ಕೊನೆಯ ನೂರು ಮೀಟರ್ ಹಿಮದ ಓಣಿ. ಮೂರು ದಿನದ ಹಿಂದೆ ದಾಟುವಾಗ ಬೆಳಗಿನ ಹೊತ್ತು, ಹಿಮ ಗಟ್ಟಿಯಾಗಿತ್ತು. ಈಗ ಮಧ್ಯಾಹ್ನ. ಮೇಲೆ ಮೆತ್ತಗೆ, ಒಳಗೆ ನೀರು.

ಸಾಂತಬೀರ್ ಮುಂದೆ ಹೋಗಿ ಬೂಟಿನಿಂದ ಒದ್ದು ಮೆಟ್ಟಿಲು ಮಾಡಿದ. ಹಗ್ಗದ ಒಂದು ತುದಿಯನ್ನು ಬುಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡ. ಬುಟ್ಟಿ ಸಾಯಿಲಾನ ಬೆನ್ನ ಮೇಲಿತ್ತು. ಅವನ ಕೆಳಗೆ ಫುಲ್ಮಾಯಾ, ಬುಟ್ಟಿಯ ಬುಡಕ್ಕೆ ಎರಡೂ ಕೈ ಕೊಟ್ಟು.

ಇಪ್ಪತ್ತು ಮೆಟ್ಟಿಲು. ಮೂವತ್ತು.

ಮೂವತ್ತೊಂದನೆಯದು ಕುಸಿಯಿತು.

ಸಾಯಿಲಾನ ಕಾಲು ತೊಡೆಯವರೆಗೆ ಹಿಮದಲ್ಲಿ ಇಳಿಯಿತು. ಬುಟ್ಟಿ ವಾಲಿತು. ಹಗ್ಗ ಬಿಗಿದು ಸಾಂತಬೀರ್ ಮೊಣಕಾಲೂರಿ ಬಿದ್ದ. ಎಂಬತ್ತು ಕಿಲೋ ಭಾರ ಒಮ್ಮೆಲೇ ಫುಲ್ಮಾಯಾಳ ಹೆಗಲ ಮೇಲೆ ಬಂತು.

"ಹಿಡ್ಕೋ ಬಹಿನಿ!" ತಂಗಿಯನ್ನು ಕರೆದಂತೆ ಸಾಂತಬೀರ್ ಕೂಗಿದ.

"ಹಿಡಿದಿದ್ದೀನಿ! ನೀನು ಬೊಗಳೋದು ಬಿಟ್ಟು ಎಳಿ!"

ಅವಳು ಎರಡೂ ಕಾಲನ್ನು ಹಿಮದೊಳಕ್ಕೆ ಊರಿ ನಿಂತಳು. ಅಡಿಯಲ್ಲಿ ನೀರು ಹರಿಯುತ್ತಿತ್ತು. ನೀರು ಬೂಟಿನ ಹೊಲಿಗೆಯ ಸಂದಿಯಲ್ಲಿ ಒಳಬಂತು. ಸಾಯಿಲಾ ಕಾಲು ಕಿತ್ತುಕೊಳ್ಳಲು ಒದ್ದಾಡಿದ, ಕಾಲು ಬರಲಿಲ್ಲ. ಹಣೆಪಟ್ಟಿ ಕಳಚಿ, ಹಿಮ ತೋಡಿ, ತೊಡೆ ಬಿಡಿಸಿಕೊಂಡು ಮೇಲೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಇವೊನಾ ಬೋರಲು ಬಿದ್ದು ಬುಟ್ಟಿಗೆ ಭುಜ ಕೊಟ್ಟಿದ್ದಳು, ಆದರೆ ಭಾರವನ್ನು ತಡೆದದ್ದು ಫುಲ್ಮಾಯಾ ಒಬ್ಬಳೇ. ಆ ಇಪ್ಪತ್ತು ನಿಮಿಷದಲ್ಲಿ ಅವಳು ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಬೈದಳು. ಬೈಗುಳ ಮುಗಿದ ಮೇಲೆ ಸುಮ್ಮನಾದಳು.

ಒಂದೂವರೆಗೆ ಕಂಡಿಯ ಮೇಲೆ ಬಂದರು. ಅಲ್ಲಿ ಕಲ್ಲು ರಾಶಿ, ಹರಿದ ಪ್ರಾರ್ಥನೆಯ ಬಾವುಟ, ನಿಲ್ಲಲು ಬಿಡದ ಗಾಳಿ. ದಾಟಿದವರ ವಾಡಿಕೆಯಂತೆ ಕಲ್ಲು ಇಡಲು, ಜಯಕಾರ ಹಾಕಲು ಯಾರೂ ನಿಲ್ಲಲಿಲ್ಲ. ಸಾಂತಬೀರ್ ರಾದೆಕ್‌ನ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡಿದ. ಉಸಿರಿತ್ತು.

"ಇಳೀರಿ. ಓಡಿ."

*

ಇಳಿಜಾರಿನಲ್ಲಿ ಪ್ರತಿ ನೂರು ಮೀಟರಿಗೂ ರಾದೆಕ್ ಸ್ವಲ್ಪ ಸ್ವಲ್ಪ ಬದುಕುತ್ತಾ ಬಂದ. ತುಟಿಯ ನೀಲಿ ತಿಳಿಯಾಯಿತು, ನೊರೆ ನಿಂತಿತು. ಯಾಕುಗಳ ಹುಲ್ಲುಗಾವಲು ಸಿಕ್ಕಾಗ ಸಾಂತಬೀರ್ ಬುಟ್ಟಿ ಇಳಿಸಿ ಕ್ಲಿಪ್ಪು ಹಾಕಿದ. ಎಪ್ಪತ್ತೊಂದು. ಇವೊನಾ ಆ ಅಂಕಿಯನ್ನು ನೋಡಿ, ಅಂದು ಮೊದಲ ಸಲ ಬಿಕ್ಕಿದಳು. ಸಾಯಿಲಾ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡ.

ಫುಲ್ಮಾಯಾ ಕೊನೆಯವಳಾಗಿ ಬಂದಳು. ಅವಳ ನಡಿಗೆ ವಿಚಿತ್ರವಾಗಿತ್ತು, ಪಾದ ಮಡಿಸದೆ ಮರದ ಕಾಲಿನವರ ಹಾಗೆ. ಆಗ ಸಾಂತಬೀರ್ ಅವಳ ಕಾಲು ನೋಡಿದ. ಕಾಠ್ಮಂಡುವಿನಿಂದ ಹೊರಟ ಮೇಲೆ ಅದೇ ಮೊದಲು ನೋಡಿದ್ದು.

ಕ್ಯಾನ್ವಾಸ್ ಬೂಟು. ಒದ್ದೆಯಾಗಿ, ಮೇಲೆ ಹಿಮ ಕಟ್ಟಿ ಬಿಳಿಯಾಗಿತ್ತು.

"ಕಂಪನಿ ಕೊಟ್ಟ ಚರ್ಮದ ಬೂಟು ಎಲ್ಲಿ?"

"ಚೀಲದಲ್ಲಿ. ನಾಮ್ದೋದಲ್ಲಿ."

"ಯಾಕೆ ಹಾಕ್ಕೊಂಡಿಲ್ಲ?"

"ಹೊಸದು ದಾಯಿ! ಮಗಳ ಕಾಲು ಈಗ ನನ್ನ ಕಾಲಷ್ಟೇ ಆಗಿದೆ. ಶಾಲೆಗೆ ಹಾಕ್ಕೊಂಡು ಹೋಗ್ಲಿ ಅಂತ ಪ್ಲಾಸ್ಟಿಕ್ಕಲ್ಲಿ ಸುತ್ತಿ ಇಟ್ಟಿದ್ದೆ. ನೀನೇನು ಹೊಸದಾಗಿ ನೋಡ್ತಿರೋ ಹಾಗೆ ಕೇಳ್ತೀಯಲ್ಲ. ಎಲ್ಲರೂ ಮಾಡೋದು ಅದೇ ತಾನೆ?"

ಎಲ್ಲರೂ ಮಾಡುತ್ತಿದ್ದುದು ಅದೇ. ಹೊರೆ ಹೊತ್ತ ಕಾಲದಲ್ಲಿ ಸಾಂತಬೀರ್ ಕೂಡ ಎರಡು ಜೊತೆ ಬೂಟು ಹಾಗೇ ಉಳಿಸಿ ತಮ್ಮಂದಿರಿಗೆ ಕೊಟ್ಟಿದ್ದ. ಹೊರಡುವ ದಿನ ಬೂಟು ಕೊಟ್ಟು ಸಹಿ ಹಾಕಿಸಿಕೊಂಡವನು ಅವನೇ. ಆಮೇಲೆ ಅತಿಥಿಗಳ ಬೆರಳು ಎಣಿಸುವುದರಲ್ಲಿ ಇದನ್ನು ಮರೆತಿದ್ದ.

"ನೋಯ್ತಿದ್ಯಾ?"

"ಕಂಡಿ ಮೇಲೆ ಪ್ರಾಣ ಹೋಗೋ ಹಾಗೆ ನೋಯ್ತು. ಈಗ ಏನೂ ಗೊತ್ತಾಗ್ತಿಲ್ಲ. ಒಳ್ಳೇದೇ ಆಯ್ತು."

ಒಳ್ಳೆಯದಾಗಿರಲಿಲ್ಲ. ಸಾಂತಬೀರ್ ಮಂಡಿಯೂರಿ ಅವಳ ಬೂಟು ಬಿಚ್ಚಿದ. ಎರಡೂ ಪಾದದ ಬೆರಳುಗಳು ಮೇಣದಂತೆ ಬೆಳ್ಳಗೆ, ಗಟ್ಟಿ. ಉಗುರಿನಿಂದ ಒತ್ತಿದರೂ ಅವಳಿಗೆ ತಿಳಿಯಲಿಲ್ಲ. ಸಾಯಿಲಾ ಎದ್ದು ಬಂದು ಆ ಪಾದಗಳನ್ನು ತನ್ನ ಕೈಯಲ್ಲಿ ಹಿಡಿದು ಉಜ್ಜಲು ಹೋದ.

"ಮುಟ್ಬೇಡ!" ಸಾಂತಬೀರ್ ಅವನ ಕೈ ತಳ್ಳಿದ. "ಉಜ್ಜಿದ್ರೆ ಚರ್ಮ ಕಿತ್ತು ಬರುತ್ತೆ. ಬೆಚ್ಚಗಿನ ನೀರಲ್ಲಿ ಇಡ್ಬೇಕು. ಆದ್ರೆ..."

"ಆದ್ರೆ ಏನು?" ಫುಲ್ಮಾಯಾ ಕೇಳಿದಳು.

"ಒಂದು ಸಲ ಬಿಸಿ ಮಾಡಿದ್ರೆ ಆಮೇಲೆ ಆ ಕಾಲಲ್ಲಿ ನಡೆಯೋ ಹಾಗಿಲ್ಲ. ನಡೆದ್ರೆ ಪೂರ್ತಿ ಹೋಗುತ್ತೆ. ಹೆಪ್ಪುಗಟ್ಟಿದ ಹಾಗೇ ಇದ್ರೆ ನಡೀಬಹುದು. ತಡವಾದಷ್ಟೂ ಹಾಳು."

ಎಲ್ಲರೂ ಬುಟ್ಟಿಯ ಕಡೆ ನೋಡಿದರು. ಒಂದೇ ಬುಟ್ಟಿ. ಎರಡು ಬೆನ್ನಿನಿಂದ ಇಬ್ಬರನ್ನು ಹೊರಲಾಗುವುದಿಲ್ಲ. ಕೆರೆಯ ಹಳ್ಳಿಗೆ ಇನ್ನೂ ಮೂರು ಗಂಟೆಯ ದಾರಿ. ಮೊದಲು ಅವಳನ್ನು ಇಳಿಸಿ ಬರುವವರೆಗೆ ರಾದೆಕ್ ಕಾಯುವ ಸ್ಥಿತಿಯಲ್ಲಿರಲಿಲ್ಲ. ಅವನ ಎದೆಯ ಗುಳುಗುಳು ಇನ್ನೂ ನಿಂತಿರಲಿಲ್ಲ. ಇವೊನಾಗೆ ಅವರ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು.

ಫುಲ್ಮಾಯಾ ಒಣ ಕಾಲುಚೀಲಕ್ಕೆ ಕೈ ಚಾಚಿದಳು. ಸಾಯಿಲಾ ತನ್ನದನ್ನೇ ಬಿಚ್ಚಿ ಕೊಟ್ಟ.

"ಹಂಗಾದ್ರೆ ಬಿಸಿ ಮಾಡ್ಬೇಡ," ಎಂದಳು. "ಯಾರ ಸರದಿ ಈಗ? ನಂದಲ್ವಾ? ಎತ್ತಿ ಕೂರಿಸು."

"ನೀನು ಹೊರೋದು ಬೇಡ."

"ನೀವಿಬ್ರೇ ಹೊತ್ರೆ ಐದು ಗಂಟೆ ಹಿಡಿಯುತ್ತೆ. ಅಷ್ಟೊತ್ತು ನನ್ನ ಕಾಲು ಹಿಂಗೇ ಇರ್ಬೇಕಾ? ಬೇಗ ಹೋದಷ್ಟೂ ನನಗೂ ಒಳ್ಳೇದು. ಲೆಕ್ಕ ಬರಲ್ವಾ ನಿನಗೆ?"

ಲೆಕ್ಕ ಸರಿಯಾಗಿತ್ತು. ಅದು ಸರಿಯಾಗಿದ್ದದ್ದೇ ಸಾಂತಬೀರ್‌ಗೆ ತಡೆಯಲಾಗಲಿಲ್ಲ. ಅವನು ಬುಟ್ಟಿ ಎತ್ತಿ, ಹೆಪ್ಪುಗಟ್ಟಿದ ಕಾಲಿನ ಆ ಹೆಂಗಸಿನ ಬೆನ್ನಿಗೆ ಅದನ್ನು ಏರಿಸಿದ. ಜೀವಮಾನದಲ್ಲಿ ಅವನು ಮಾಡಿದ ಅತಿ ಕೆಟ್ಟ ಕೆಲಸ ಅದು, ಮತ್ತೆ ಅಂದು ಮಾಡಲು ಬೇರೆ ಕೆಲಸವೂ ಇರಲಿಲ್ಲ.

*

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಕೆರೆ ಕಾಣಿಸಿತು. ಫೋಕ್ಸುಂಡೊದ ನೀಲಿ ಬೇರೆಲ್ಲೂ ಇಲ್ಲ. ಸುತ್ತಲಿನ ಬೆಟ್ಟದ ಬೂದಿ ಬಣ್ಣದ ನಡುವೆ ಅದು ಸುಳ್ಳು ಎನ್ನಿಸುವಷ್ಟು ನೀಲಿ. ದಡದ ಹಳ್ಳಿಯ ಮೊದಲ ಮನೆಯ ಮುದುಕಿ ಬುಟ್ಟಿಯನ್ನು ನೋಡಿದ ಕೂಡಲೇ ಒಲೆಯ ಮುಂದೆ ಜಾಗ ಮಾಡಿದಳು. ರಾದೆಕ್‌ನ ಅಂಕಿ ಎಂಬತ್ತೆರಡು.

ಅವನು ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದ. ಒಣಗಿದ ತುಟಿ ಅಲುಗಿತು. "ಕಂಡಿ ದಾಟಿದ್ವಾ?"

ಸಾವಿನಿಂದ ತಪ್ಪಿಸಿಕೊಂಡವನ ಮೊದಲ ಮಾತು ಅದು.

"ನೀನು ಎರಡು ಸಲ ದಾಟಿದೆ," ಎಂದಳು ಇವೊನಾ. "ಒಂದು ಸಲ ಸುಳ್ಳು ಹೇಳಿ. ಇನ್ನೊಂದು ಸಲ ಅವಳ ಬೆನ್ನ ಮೇಲೆ."

ಅವಳು ಬೆರಳು ಮಾಡಿದ ಕಡೆ, ಒಲೆಯ ಆಚೆ ಬದಿಯಲ್ಲಿ, ಫುಲ್ಮಾಯಾಳ ಪಾದಗಳು ಬೆಚ್ಚನೆಯ ನೀರಿನ ಪಾತ್ರೆಯಲ್ಲಿದ್ದವು. ರಕ್ತ ಮರಳಿ ಬರುವಾಗಿನ ನೋವು ಹೇಳತೀರದ್ದು. ಇಡೀ ದಿನ ಬಾಯಿ ಮುಚ್ಚದ ಹೆಂಗಸು ಈಗ ಸಾಯಿಲಾನ ತೋಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗೂಳಿಯಂತೆ ಒರಲುತ್ತಿದ್ದಳು. ಸಾಯಿಲಾ ತೋಳು ಎಳೆದುಕೊಳ್ಳಲಿಲ್ಲ. ರಾದೆಕ್ ಮುಖ ತಿರುಗಿಸಿದ. ಆ ಮೇಲೆ ಅವನು ಕಂಡಿಯ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೋಡ ಸರಿಯಿತು. ಹೆಲಿಕಾಪ್ಟರ್ ಕೆರೆಯ ದಡದ ಹೊಲದಲ್ಲಿ ಇಳಿಯಿತು. ಪೈಲಟ್ ಇಂಜಿನ್ ನಿಲ್ಲಿಸದೆ ಎರಡು ಬೆರಳು ತೋರಿಸಿದ.

"ಮೂರು ಜನ!" ಸಾಂತಬೀರ್ ಕಿರುಚಿದ. "ಇವಳ ಕಾಲು ಹೋಗ್ತಿದೆ, ಆಸ್ಪತ್ರೆಗೆ ಸೇರಿಸ್ಬೇಕು!"

"ಪಟ್ಟಿಯಲ್ಲಿ ಎರಡೇ ಹೆಸರು. ಈ ಎತ್ತರದಲ್ಲಿ ಮೂರು ಜನಾನ ಎತ್ತಕ್ಕಾಗಲ್ಲ. ಯಾರನ್ನ ಹತ್ತಿಸ್ತೀಯೋ ಬೇಗ ಹೇಳು!"

ರಾದೆಕ್ ಹತ್ತಿದ್ದ. ಇವೊನಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ತಿರುಗಿ ನೋಡಿದಳು. ಮುದುಕಿಯ ಮನೆಯ ಮುಂದೆ ಕಂಬಳಿ ಹೊದ್ದು ಕುಳಿತ ಫುಲ್ಮಾಯಾ, ಬಟ್ಟೆ ಸುತ್ತಿದ ಎರಡು ಪಾದ. ಇವೊನಾ ಮೆಟ್ಟಿಲಿನಿಂದ ಕಾಲು ತೆಗೆದಳು. ಆಗ ಒಳಗಿನಿಂದ ರಾದೆಕ್ ಅವಳ ತೋಳನ್ನು ಹಿಡಿದುಕೊಂಡ. ಕೆಮ್ಮುತ್ತಾ, ಹೆದರಿದ ಕಣ್ಣಿನಲ್ಲಿ, ಏನೋ ಹೇಳಿದ.

ಅವಳು ಹತ್ತಿಬಿಟ್ಟಳು.

ಬಾಗಿಲು ಮುಚ್ಚುವ ಮೊದಲು ತನ್ನ ದಪ್ಪ ಉಣ್ಣೆಯ ಕಾಲುಚೀಲಗಳನ್ನು ಬಿಚ್ಚಿ ಹೊರಗೆ ಎಸೆದಳು. ಅವುಗಳ ಹಿಮ್ಮಡಿಯಲ್ಲಿ ಒಣಗಿದ ರಕ್ತವಿತ್ತು. ಹೆಲಿಕಾಪ್ಟರ್ ಎಬ್ಬಿಸಿದ ಗಾಳಿಗೆ ಅವು ಉರುಳಿಕೊಂಡು ಫುಲ್ಮಾಯಾಳ ಹತ್ತಿರ ಬಂದವು.

"ನೋಡಿದ್ಯಾ ದಾಯಿ," ಎಂದಳು ಫುಲ್ಮಾಯಾ. "ಕಾಲುಚೀಲ ಈಗ ಕೊಟ್ಲು."

ಇವೊನಾಳನ್ನು ಕ್ಷಮಿಸುವವರು ಕ್ಷಮಿಸಲಿ. ಗಂಡ ಹಿಡಿದ ತೋಳನ್ನು ಬಿಡಿಸಿಕೊಳ್ಳುವುದು ಕಷ್ಟ, ಒಪ್ಪೋಣ. ಆದರೆ ಆ ಹೆಲಿಕಾಪ್ಟರಿನಲ್ಲಿ ಎರಡು ಜಾಗವಿತ್ತು, ಎಂಬತ್ತೆರಡರ ಮೇಲೆ ಉಸಿರಾಡುವ ಗಂಡ ಒಬ್ಬನೇ ಹೋಗಬಹುದಿತ್ತು, ಅವಳಿಗೂ ಅದು ಗೊತ್ತಿತ್ತು.

*

ಫುಲ್ಮಾಯಾ ಇನ್ನು ನಡೆಯುವಂತಿರಲಿಲ್ಲ. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಮೂರು ದಿನದ ದಾರಿ. ಸಾಂತಬೀರ್ ಬುಟ್ಟಿಯನ್ನು ತೊಳೆದು, ಒಳಗೆ ಹುಲ್ಲು ಹಾಸಿ, ಹಣೆಪಟ್ಟಿಯನ್ನು ತನ್ನ ಹಣೆಗೆ ಏರಿಸಿಕೊಂಡ. ಐವತ್ತು ದಾಟಿದ ಮೇಲೆ, ಸರದಾರನಾದ ಮೇಲೆ, ಇಷ್ಟು ದೂರ ಹೊರೆ ಹೊತ್ತಿರಲಿಲ್ಲ.

"ನನ್ನ ಬುಟ್ಟಿ, ಜೋಪಾನ," ಎಂದಳು ಅವಳು ಹಿಂದಿನಿಂದ. "ನಿಧಾನವಾಗಿ ಹೋಗು ದಾಯಿ. ಫೋಟೋ ತೆಗೆಯೋಕೆ ನಿಲ್ಲಿಸು. ಮಧ್ಯಾಹ್ನ ಬಿಸಿ ಊಟ ಇರ್ಬೇಕು. ನಾನೀಗ ಗೆಸ್ಟು."

"ಬಾಯಿ ಮುಚ್ಕೊಂಡು ಕೂತ್ಕೋ."

"ಗೆಸ್ಟಿಗೆ ಹಿಂಗೆ ಮಾತಾಡ್ತಾರಾ? ಕಂಪನಿಗೆ ಬರೀತೀನಿ."

ಸಾಯಿಲಾ ನಕ್ಕ. ಸಾಂತಬೀರ್ ನಗಲಿಲ್ಲ, ಆದರೆ ಕಲ್ಲಿನ ಮೆಟ್ಟಿಲುಗಳಲ್ಲಿ ಅವಳ ಪಾದ ಎಲ್ಲೂ ತಾಗದಂತೆ ಮೂರು ದಿನವೂ ಒಂದೊಂದು ಹೆಜ್ಜೆಯನ್ನೂ ನೋಡಿ ಇಟ್ಟ.

ಆಸ್ಪತ್ರೆಯಲ್ಲಿ ಎರಡು ಬೆರಳು ಹೋದವು, ಎಡಗಾಲಿನ ಕಿರುಬೆರಳು ಮತ್ತು ಅದರ ಪಕ್ಕದ್ದು. ಎಂಟು ಉಳಿದವು. ಡಾಕ್ಟರು ಆ ಎಂಟನ್ನು ನೋಡಿ, ಉಜ್ಜದೆ, ಬೆಂಕಿಗೆ ಹಿಡಿಯದೆ, ಬಿಸಿ ಮಾಡಿದ ಮೇಲೆ ನಡೆಸದೆ ತಂದದ್ದಕ್ಕೆ ಉಳಿದವು ಎಂದರು.

ಮುಂದಿನ ಋತುವಿನ ಮೊದಲ ಬಿಡಾರ ಅದೇ ಕೆರೆಯ ದಡದಲ್ಲಿ ಬಿತ್ತು. ಬೇರೆ ದೇಶದ ನಾಲ್ವರು ಅತಿಥಿಗಳು. ಬೆಳಿಗ್ಗೆ ಚಹಾ ಹಿಡಿದು ಹೋದ ಸಾಂತಬೀರ್‌ಗೆ ಪರದೆಯ ಸಂದಿಯಿಂದ ಒಂದು ಕೈ ಬಂತು.

"ಕೈ ಬೇಡ," ಎಂದ. "ಮೊದಲು ಮುಖ ತೋರಿಸಿ."

ಪರದೆ ಸರಿಸಿ, ನಿದ್ದೆಗೆಟ್ಟ ಮುಖವೊಂದು ಗೊಣಗುತ್ತಾ ಹೊರಬಂತು. ಅವನು ಆ ಮುಖವನ್ನು ಚೆನ್ನಾಗಿ ನೋಡಿ, ಕೆಮ್ಮಿಸಿ, ಆಮೇಲೆ ಬೆರಳು ಹಿಡಿದ. ನಾಲ್ಕು ಡೇರೆ ಮುಗಿಸಿ ಅಡುಗೆ ಡೇರೆಯ ಹಿಂದೆ ಹೊರೆಯಾಳುಗಳು ಮಲಗಿದ್ದಲ್ಲಿಗೆ ಹೋದ. ಪುಸ್ತಕದಲ್ಲಿ ಅವರಿಗಾಗಿ ಹೊಸ ಸಾಲು ಗೀಚಿದ್ದ. ಮೊದಲ ಹೆಸರು ಫುಲ್ಮಾಯಾ ತಾಮಾಂಗ್. ಅಡುಗೆಗೆ ಸಾಯಿಲಾನ ಜತೆ ಬಂದಿದ್ದಳು.

"ಏಳು. ಮುಖ ತೋರಿಸು, ಬೆರಳು ಕೊಡು."

"ನಂದೂ ಅಳೀತೀಯಾ?" ಅವಳು ಕಣ್ಣುಜ್ಜಿಕೊಂಡು ಬೆರಳು ಚಾಚಿದಳು. "ಎಷ್ಟಿದೆ?"

"ತೊಂಬತ್ತಮೂರು. ಸಾಹೇಬರಿಗಿಂತ ಜಾಸ್ತಿ."

"ಗೊತ್ತಿದ್ದಿದ್ದೇ," ಎಂದಳು.

"ಈಗ ಬೂಟು."

ಫುಲ್ಮಾಯಾ ಕಂಬಳಿ ಸರಿಸಿದಳು. ಚರ್ಮದ ಬೂಟು ಹಾಕಿಕೊಂಡೇ ಮಲಗಿದ್ದಳು. ಎಡಗಡೆಯದರ ತುದಿಯಲ್ಲಿ, ಖಾಲಿಯಾದ ಎರಡು ಬೆರಳಿನ ಜಾಗಕ್ಕೆ, ಅವಳು ಒಂದು ಉಣ್ಣೆಯ ಕಾಲುಚೀಲವನ್ನು ಮಡಿಸಿ ತುರುಕಿದ್ದಳು. ಅದರ ಹಿಮ್ಮಡಿಯ ಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ. ಸಾಂತಬೀರ್ ಅದನ್ನು ನೋಡಿ, ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸರಿ ಎಂದು ಗುರುತು ಹಾಕಿ, ಮುಂದಿನವನನ್ನು ಎಬ್ಬಿಸಿದ.